ಅಡುಗೆಮನೆಗೆ ಹೇಳಿದ ಗಾಳಿ

ಆ ಮನೆಯಲ್ಲಿ ಸುಳ್ಳು ಹೇಳಿದರೆ ಮಕ್ಕಳಿಗೆ ಏಟು ಬೀಳುತ್ತಿತ್ತು. ಆದರೆ ಗಾಳಿಯ ವಿಷಯದಲ್ಲಿ ಮನೆಯ ಯಜಮಾನನೇ, ಬಂದರೆಲ್ಲ ಕೇಳುವ ಹಾಗೆ, ದಿನಾ ವೈರ್‌ಲೆಸ್ಸಿನಲ್ಲಿ ಸುಳ್ಳು ಹೇಳುತ್ತಿದ್ದ.

ಅವನದು ದೊಡ್ಡ ಮೀನುಬೋಟು. ಎದುರಿನ ದ್ವೀಪವನ್ನು ದಾಟಿ, ಬೇರೆಲ್ಲ ಬೋಟುಗಳಿಗಿಂತ ಆಚೆ ಹೋಗುವವನು ಅವನೇ. ಹಾಗಾಗಿ ಬಂದರಿನ ವೈರ್‌ಲೆಸ್ ಕೋಣೆಯವರು ಮೊದಲು ಅವನನ್ನೇ ಕೇಳುತ್ತಿದ್ದರು, "ಹೊರಗಡೆ ಗಾಳಿ ಎಷ್ಟು?" ಅವನ ಉತ್ತರ ಯಾವಾಗಲೂ ಒಂದೇ, "ತಂಗಾಳಿ." ಅಲೆ ಬಂದು ಬೋಟಿನ ಗಾಜಿಗೆ ಬಡಿಯುತ್ತಿದ್ದರೂ ತಂಗಾಳಿ. ಹಗ್ಗ ಸಿಳ್ಳೆ ಹೊಡೆಯುತ್ತಿದ್ದರೂ ತಂಗಾಳಿ. ತೀರಾ ಬಲವಂತ ಮಾಡಿದರೆ ವೇಗದ ಅಂಕಿ ಹೇಳುತ್ತಿದ್ದ, ಅದೂ ಅರ್ಧ. ಬಂದರಿನವರು ಅವನಿಗೆ ತಂಗಾಳಿ ಎಂದೇ ಹೆಸರಿಟ್ಟು, ಅವನು ಹೇಳಿದ್ದನ್ನು ದುಪ್ಪಟ್ಟು ಮಾಡಿಕೊಂಡು, ಮೇಲೊಂದು ಹಿಡಿ ಸೇರಿಸಿಕೊಂಡು ತಮ್ಮ ಲೆಕ್ಕ ಸರಿ ಮಾಡಿಕೊಳ್ಳುತ್ತಿದ್ದರು.

ಇದಕ್ಕೆಲ್ಲ ಕಾರಣ ಅವನ ಮನೆಯ ಅಡುಗೆಮನೆ. ಒಲೆಯ ಮೇಲಿನ ಶೆಲ್ಫಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಒಂದು ವೈರ್‌ಲೆಸ್ ಸೆಟ್ ಇತ್ತು. ಬೋಟಿನವರ ಮನೆಗಳಲ್ಲೆಲ್ಲ ಅಂಥದ್ದೊಂದು ಇರುತ್ತಿತ್ತು. ಮನೆಯ ಹೆಂಗಸರು ಕೇಳಬಹುದು, ಮೈಕಿನ ಗುಂಡಿ ಮಾತ್ರ ಒತ್ತಬಾರದು. ಸಮುದ್ರದಲ್ಲಿರುವವರ ಮಾತಿಗೆ ಅಡ್ಡ ಮಾತು ಬರಬಾರದೆಂದು ಬಂದರಿನ ಕಟ್ಟುನಿಟ್ಟು. ಮದುವೆಯಾದ ಹೊಸತರಲ್ಲಿ ಒಮ್ಮೆ ಅವನು ಇದ್ದ ಗಾಳಿಯನ್ನು ಇದ್ದ ಹಾಗೇ ಹೇಳಿಬಿಟ್ಟಿದ್ದ. ಒಲೆಯ ಮುಂದೆ ನಿಂತಿದ್ದ ಹೊಸ ಹೆಂಡತಿ ಕಣ್ಣಿಗೆ ಕತ್ತಲೆ ಕವಿದು, ಕುದಿಯುವ ನೀರಿನ ಪಾತ್ರೆಯ ಸಮೇತ ನೆಲಕ್ಕೆ ಬಿದ್ದಳು. ಮನೆಗೆ ಬಂದವನು ಅವಳ ಕೈಗೆ ಸುತ್ತಿದ ಪಟ್ಟಿ ನೋಡಿ ಅತ್ತೇಬಿಟ್ಟ. ಅವತ್ತಿನಿಂದ ಆ ಸಮುದ್ರದ ಮೇಲೆ ತಂಗಾಳಿ ಬಿಟ್ಟು ಬೇರೆ ಗಾಳಿ ಬೀಸಲಿಲ್ಲ.

ಅವಳು ನಂಬಿದಳೇ? ಒಂದು ವರ್ಷ ನಂಬಿದಳು. ಆಮೇಲೆ ಅವಳ ಕಿವಿ ತಾನಾಗಿಯೇ ಪಾಠ ಕಲಿಯಿತು. ಗಾಳಿ ನಿಜವಾಗಿ ಸಣ್ಣದಿದ್ದ ದಿನ ಗಂಡ ವೈರ್‌ಲೆಸ್ಸಿನಲ್ಲಿ ಎಲ್ಲರನ್ನೂ ಬೈಯುತ್ತಿದ್ದ. ಐಸ್ ಕರಗಿದೆ, ಬಲೆ ಹರಿದಿದೆ, ಎಂಜಿನ್ ನೋಡಿಕೊಳ್ಳುವ ಮಗ ಶುದ್ಧ ಸೋಮಾರಿ. ಗಾಳಿ ಏರಿದ ಹಾಗೆ ಬೈಗುಳ ಇಳಿಯುತ್ತಿತ್ತು. ತೀರಾ ಏರಿದಾಗ ಮಾತು ಬೆಣ್ಣೆಯಾಗುತ್ತಿತ್ತು. "ಎಲ್ಲರದೂ ಊಟ ಆಯ್ತಾ" ಎಂದು ಅವನು ಕೇಳಿದನೆಂದರೆ ಅಲ್ಲಿ ಗಾಳಿ ಮಿತಿಮೀರಿದೆ ಎಂದು ಇಲ್ಲಿ ಅವಳಿಗೆ ಗೊತ್ತಾಗುತ್ತಿತ್ತು. ಆಗ ಒಲೆ ಆರಿಸಿ ಕಿಟಕಿಗೆ ಹೋಗಿ ನಿಲ್ಲುತ್ತಿದ್ದಳು. ಅವಳು ಹಾಗೆ ನಿಲ್ಲುವುದನ್ನು ಬೀದಿಯವರು ಎಷ್ಟೋ ವರ್ಷದಿಂದ ನೋಡಿ, ಕಿಟಕಿಯಮ್ಮ ಎಂದು ಕರೆಯತೊಡಗಿದ್ದರು.

ತನಗೆ ಗೊತ್ತು ಎಂದು ಮಾತ್ರ ಅವಳು ಗಂಡನಿಗೆ ಬಾಯಿಬಿಡಲಿಲ್ಲ. ಬಿಟ್ಟರೆ ಅವನು ದನಿಯಲ್ಲೂ ಸುಳ್ಳು ಹೇಳುವುದನ್ನು ಕಲಿತುಬಿಡುತ್ತಾನೆ. ಆಮೇಲೆ ತನಗೆ ಏನೂ ತಿಳಿಯುವುದಿಲ್ಲ ಎಂಬ ಭಯ ಅವಳಿಗೆ. ಹೀಗೆ ಅವನು ನಿಜ ಹೇಳಿದವನಂತೆ ಮಾಡುವುದು, ಇವಳು ನಂಬಿದವಳಂತೆ ಮಾಡುವುದು, ಸಂಸಾರ ಚೆನ್ನಾಗಿಯೇ ನಡೆದಿತ್ತು.

ಕೆಡಿಸಿದವಳು ಸೊಸೆ. ಸಮುದ್ರವನ್ನೇ ಕಾಣದ ಊರಿನಿಂದ ಬಂದವಳು, ಆದರೆ ಕೂತಲ್ಲಿ ಕೂರದ ಹುಡುಗಿ. ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕೆಲಸ ಖಾಲಿ ಇದೆ ಎಂದು ಗೊತ್ತಾದದ್ದೇ ಅರ್ಜಿ ಹಾಕಿ, ಪರೀಕ್ಷೆ ಪಾಸು ಮಾಡಿ, ಎಲ್ಲ ಮುಗಿದ ಮೇಲೆ ಊಟದ ಹೊತ್ತಿನಲ್ಲಿ ಸುದ್ದಿ ಮುಟ್ಟಿಸಿದಳು.

"ಮನೆ ಕೆಲಸ ಯಾರು ಮಾಡ್ತಾರೆ?" ಕಿಟಕಿಯಮ್ಮ ಕೇಳಿದಳು.

"ಬೆಳಗ್ಗೆ ಅಡುಗೆ ಮಾಡಿಟ್ಟೇ ಹೋಗ್ತೀನಿ ಅತ್ತೆ. ರಾತ್ರಿ ಪಾತ್ರೆನೂ ನಂದೇ."

"ಬಟ್ಟೆ?"

"ಬಟ್ಟೆ ನಿಮ್ಮ ಮಗ ಒಗೀತಾರೆ."

ಮಗನ ಗಂಟಲಿನಲ್ಲಿ ಅನ್ನ ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ತಂಗಿ ಅವನ ಬೆನ್ನಿಗೆ ಗುದ್ದಿದಳು. ಅವಳು ದ್ವೀಪದ ಆಸ್ಪತ್ರೆಯಲ್ಲಿ ನರ್ಸ್, ದಿನಾ ಫೆರಿಯಲ್ಲಿ ಹೋಗಿ ಬರುವವಳು. ಕೈ ಸ್ವಲ್ಪ ಗಟ್ಟಿ.

"ಒಗೀಲಿ ಬಿಡಮ್ಮ. ಎಂಜಿನ್ ಎಣ್ಣೆ ಎಲ್ಲ ಅವನ ಅಂಗಿದೇ ತಾನೇ."

"ನೀನು ಸುಮ್ನಿರು. ನಾಳೆ ನಿನ್ನ ಅತ್ತೆ ಮನೆಯಲ್ಲಿ ಹೇಳು ಇದನ್ನ."

"ಹೇಳೇ ಹೋಗ್ತೀನಿ."

ಯಜಮಾನ ಮೀನಿನ ಮುಳ್ಳು ಬಿಡಿಸುತ್ತಾ ನಕ್ಕ. ಕಿಟಕಿಯಮ್ಮನಿಗೆ ನಗು ಬರಲಿಲ್ಲ. ಪಾತ್ರೆ, ಬಟ್ಟೆ ಎಲ್ಲ ಬರೀ ನೆಪ. ಬಂದರಿನ ಕೋಣೆಯಲ್ಲಿ ಕೂತವಳಿಗೆ ನಿಜವಾದ ಗಾಳಿ ಗೊತ್ತಾಗುತ್ತದೆ. ಅದನ್ನು ಅವಳು ಸಂಜೆ ಮನೆಗೆ ಹೊತ್ತು ತಂದು ಊಟದ ತಟ್ಟೆಯ ಮುಂದೆ ಸುರಿದರೆ ಇನ್ನು ನಂಬಿದವಳಂತೆ ಮಾಡುವುದು ಹೇಗೆ ಎಂದು ಅವಳಿಗೆ ಒಳಗೊಳಗೇ ಭಯ ಹತ್ತಿತ್ತು.

ಸುರಿದೇಬಿಟ್ಟಳು. ಕೆಲಸಕ್ಕೆ ಸೇರಿ ಹತ್ತು ದಿನವಾಗಿರಲಿಲ್ಲ, ಬಾಯಿ ತುಂಬ ಗಾಳಿಯ ಮಾತೇ.

"ತಣ್ಣನೆ ಗಾಳಿ ಭಾರ ಅತ್ತೆ, ಬೆಚ್ಚನೆ ಗಾಳಿ ಹಗುರ. ಭಾರದ್ದು ಬಂದು ಹಗುರದ್ದರ ಅಡಿಗೆ ನುಗ್ಗುತ್ತೆ. ಆ ಅಂಚಿಗೆ ಫ್ರಂಟ್ ಅಂತಾರೆ. ಅಂಚು ಬರೋ ಮುಂಚೆ ದಕ್ಷಿಣದ ಗಾಳಿ, ಸೆಕೆ. ಆಮೇಲೆ ಸ್ವಲ್ಪ ಹೊತ್ತು ಎಲ್ಲ ತಣ್ಣಗೆ, ಏನೂ ಇಲ್ಲ ಅನ್ಸುತ್ತೆ. ಆಮೇಲೆ ಒಂದೇ ಸಲಕ್ಕೆ ದಿಕ್ಕು ಬದಲಾಯಿಸಿ ವಾಯವ್ಯದಿಂದ ಹೊಡೀತದೆ ನೋಡಿ, ನಲವತ್ತು, ಐವತ್ತು ನಾಟ್ ವೇಗದಲ್ಲಿ..."

"ಸಾಕಮ್ಮ, ಊಟ ಮಾಡು," ಎಂದ ಮಾವ. ಹೆಂಡತಿಯ ಕಡೆ ಕಣ್ಣಲ್ಲೇ ತೋರಿಸಿ ಹುಬ್ಬು ಗಂಟಿಕ್ಕಿದ.

ಊಟವಾದ ಮೇಲೆ ಅವನು ಮಗನ ಜೊತೆ ಹಿಂದಿನ ಅಂಗಳದಲ್ಲಿ ಬೂಟು ತೊಳೆಯುತ್ತಿದ್ದ. ಸೊಸೆ ಅಲ್ಲಿಗೇ ಹೋದಳು. ಒಳಗೆ ಕಿಟಕಿಯಮ್ಮ ನಲ್ಲಿ ತಿರುಗಿಸಲು ಹೋದವಳು ಕೈ ತಡೆದು ನಿಂತಳು.

"ಮಾವ, ನಿನ್ನೆ ನೀವು ಹದಿನೈದು ಅಂದ್ರಿ. ದ್ವೀಪದ ದೀಪದ ಕಂಬದ ಮೇಲಿರೋ ಗಾಳಿ ಮಾಪಕ ಅದೇ ಹೊತ್ತಿಗೆ ಮೂವತ್ತೆರಡು ತೋರಿಸ್ತಿತ್ತು."

"ಅದು ಹಳೇ ಮಾಪಕ."

"ಹಳೇದಲ್ಲ, ಹೋದ ವರ್ಷ ಹಾಕಿದ್ದು."

"ನೋಡಮ್ಮ," ಅವನು ದನಿ ತಗ್ಗಿಸಿದ, "ಸಮುದ್ರಕ್ಕೆ ಹೋಗೋರಿಗೆಲ್ಲ ನನ್ನ ಲೆಕ್ಕ ಗೊತ್ತು. ದುಪ್ಪಟ್ಟು ಮಾಡ್ಕೋತಾರೆ. ಗೊತ್ತಿಲ್ಲದೆ ಇರೋದು ಒಬ್ಬಳಿಗೇ. ಅವಳಿಗೆ ಗೊತ್ತಾಗಬಾರದು."

"ಅವಳು ಎದೆ ಒಡ್ಕೊಂಡು ಸಾಯ್ತಾಳೆ ಕಣೇ," ಎಂದ ಮಗ. "ಅಮ್ಮನ ಹೆದರಿಕೆ ನೀನು ನೋಡಿಲ್ಲ."

"ನನಗೂ ಹೆದರಿಕೆ ಆಗುತ್ತೆ. ಆ ಬೋಟಲ್ಲಿ ನೀವೂ ಇರ್ತೀರಲ್ಲ. ನನಗ್ಯಾರೂ ಕಡಿಮೆ ಮಾಡಿ ಹೇಳಲ್ಲ."

ಮಗ ತೊಳೆದ ಬೂಟಿನ ಮೇಲೇ ಮತ್ತೆ ನೀರು ಸುರಿದ. ಸೊಸೆ ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಕಿಟಕಿಯಮ್ಮ ಆಗಲೇ ಹೇಳಿಬಿಡಬಹುದಿತ್ತು. ನನಗೂ ಗೊತ್ತಮ್ಮ, ಇಬ್ಬರೂ ಒಟ್ಟಿಗೇ ಹೆದರೋಣ ಬಾ ಎಂದಿದ್ದರೆ ಮುಗಿದು ಹೋಗುತ್ತಿತ್ತು.

"ಆ ದೊಡ್ಡ ಪಾತ್ರೆ ಚೆನ್ನಾಗಿ ಉಜ್ಜು, ತಳ ಹಿಡಿದಿದೆ," ಎಂದಳು ಕಿಟಕಿಯಮ್ಮ.

ಮುಂದಿನ ವಾರ ಒಂದು ಕೆಟ್ಟ ಗಾಳಿ ಬಂತು. ಬೋಟುಗಳೆಲ್ಲ ಒಳಗೇ ಇದ್ದವು, ಯಾರಿಗೂ ಏನೂ ಆಗಲಿಲ್ಲ. ದೀಪದ ಕಂಬದ ಮೇಲಿದ್ದ ಮಾಪಕ ಮಾತ್ರ ಬುಡ ಸಮೇತ ಹಾರಿಹೋಯಿತು. ಹೊಸದು ಬರಲು ತಿಂಗಳಾಗುತ್ತದೆ ಎಂದು ಮೇಲಿನವರು ಹೇಳಿದರಂತೆ. ಅದೇ ವಾರ ಫೆರಿಯ ಹಳೇ ಕ್ಯಾಪ್ಟನ್ ನಿವೃತ್ತನಾಗಿ, ಬೇರೆ ಬಂದರಿನಿಂದ ಹೊಸಬ ಬಂದ.

"ಒಳ್ಳೇ ಮನುಷ್ಯ," ಮಗಳು ಆಲೂಗಡ್ಡೆ ಹೆಚ್ಚುತ್ತಾ ಹೇಳಿದಳು. "ಹಳೇ ಕ್ಯಾಪ್ಟನ್ ಥರ ಬೀಡಿ ಸೇದ್ಕೊಂಡು ಆಕಾಶ ನೋಡಿ ಹೊರಡಲ್ಲ. ಹಗ್ಗ ಬಿಚ್ಚೋ ಮುಂಚೆ ಬಂದರಿಗೆ ಕರೆ ಮಾಡಿ, ಹೊರಗಿನ ಬೋಟಿನವರು ಏನಂದ್ರು ಅಂತ ಕೇಳೇ ಕೇಳ್ತಾನೆ."

"ಹೊರಗಿನ ಬೋಟು ಅಂದ್ರೆ ನಾನೇ," ಯಜಮಾನ ಬೀಗಿದ. "ನನ್ನ ಮಾತಿನ ಮೇಲೆ ಫೆರಿ ಓಡುತ್ತೆ ಅನ್ನು."

ಸೊಸೆಯ ಕೈಯ ಚಾಕು ನಿಂತಿತು. "ಮಾವ, ಅವರು ಹೊಸಬರು. ನೀವು ಹೇಳಿದ್ದನ್ನ ಹೇಳಿದ ಹಾಗೇ ನಂಬ್ತಾರೆ."

ಎಲ್ಲರೂ ಒಮ್ಮೆಗೇ ಕಿಟಕಿಯಮ್ಮನ ಕಡೆ ನೋಡಿದರು. ಅವಳು ಈರುಳ್ಳಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಫೆರಿ ಹೊರಡೋ ಹೊತ್ತು ನನಗೆ ಗೊತ್ತಿಲ್ವೇನಮ್ಮ," ಯಜಮಾನ ಗಂಟಲು ಸರಿ ಮಾಡಿಕೊಂಡ. "ಬೆಳಗ್ಗೆ ಒಂದು, ಸಂಜೆ ಒಂದು. ಆ ಹೊತ್ತಿಗೆ ಏನು ಹೇಳಬೇಕೋ ಸರಿಯಾಗಿ ಹೇಳ್ತೀನಿ. ಈಗ ಟೀ ಕೊಡ್ತೀರಾ, ಇಲ್ಲ ಆಲೂಗಡ್ಡೆ ಹಸೀದೇ ತಿನ್ನಬೇಕಾ?"

ಮಾತು ಬೇರೆ ಕಡೆಗೆ ಹೊರಳಿತು. ಈರುಳ್ಳಿಯ ನೆಪದಲ್ಲಿ ಕಿಟಕಿಯಮ್ಮ ಕಣ್ಣೊರೆಸಿಕೊಂಡಳು. ತನ್ನ ಒಬ್ಬಳ ಹೆದರಿಕೆಗೆ ಇಷ್ಟು ಜನ ನಾಲಿಗೆ ಕಚ್ಚಿಕೊಂಡು ಬದುಕುತ್ತಿದ್ದಾರೆ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ, ಅಷ್ಟು ಹೆದರಿಕೆ.

ಆಮೇಲೊಂದು ದಿನ ಯಜಮಾನ, ಮಗ ಇಬ್ಬರೂ ಬೆಳಕು ಹರಿಯುವ ಮುಂಚೆಯೇ ಹೋಗಿದ್ದರು. ಸಂಜೆಗೆ ಫ್ರಂಟ್ ಬರುತ್ತದೆ, ಅಷ್ಟರಲ್ಲಿ ಎಲ್ಲರೂ ಒಳಗೆ ಬನ್ನಿ ಎಂದು ಹವಾಮಾನದವರ ಎಚ್ಚರಿಕೆ ಇತ್ತು. ಮಧ್ಯಾಹ್ನಕ್ಕೇ ತಿರುಗುತ್ತೇನೆ ಎಂದು ಯಜಮಾನ ಹೇಳಿಹೋಗಿದ್ದ. ಸೊಸೆ ಬಂದರಿಗೆ ಹೋದಳು, ಮಗಳು ದ್ವೀಪಕ್ಕೆ.

ಬೆಳಗ್ಗೆಯೆಲ್ಲ ದಕ್ಷಿಣದ ಗಾಳಿ ಬೀಸಿತು, ಬೆಚ್ಚಗೆ, ಜಿಗುಟಾಗಿ. ಕಿಟಕಿಯಮ್ಮ ಬಟ್ಟೆ ಒಣಹಾಕಿದ್ದಳು, ಹಗ್ಗದ ಮೇಲೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಮಧ್ಯಾಹ್ನ ಅವಳೊಬ್ಬಳೇ ತಟ್ಟೆ ಹಾಕಿಕೊಂಡು ಕೂತಾಗ ಪಟಪಟ ನಿಂತಿತು. ಹೊರಗೆ ನೋಡಿದರೆ ಬಟ್ಟೆಗಳು ನೆಟ್ಟಗೆ ಕೆಳಗೆ ಇಳಿಬಿದ್ದಿದ್ದವು. ಬೀದಿಯ ನಾಯಿ ಎದ್ದು ಗೋಡೆಯ ಇನ್ನೊಂದು ಬದಿಗೆ ಹೋಗಿ ಮಲಗಿತು. ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು.

ಸೆಟ್ಟಿನಲ್ಲಿ ಸೊಸೆಯ ದನಿ ಬಂತು, ಕೆಲಸದ ದನಿ. "ಬಂದರು ಕೋಣೆ. ಹೊರಗಿನ ಬೋಟು, ಗಾಳಿ ಎಷ್ಟಿದೆ ಹೇಳಿ, ಓವರ್."

ಗರಗರ ಸದ್ದಾಯಿತು. ಆಮೇಲೆ ಗಂಡನ ದನಿ. "ಏನಿಲ್ಲಮ್ಮ, ತಂಗಾಳಿ."

"ಅಂಕಿ ಬೇಕು ಮಾವ. ಅಂಕಿ ಹೇಳಿ."

"ಒಂದು ಇಪ್ಪತ್ತು ಬರ್ಕೋ. ವಾಪಸ್ ಹೊರಟಿದ್ದೀವಿ. ನಿಧಾನಕ್ಕೆ ಬರ್ತೀವಿ. ಎಲ್ಲರದೂ ಊಟ ಆಯ್ತಾ? ನಿಮ್ಮತ್ತೆ ಊಟ ಮಾಡಿದಳಂತಾ? ಹೊತ್ತೊತ್ತಿಗೆ ಸರಿಯಾಗಿ ತಿನ್ನೋದಕ್ಕೆ ಹೇಳು ಅವಳಿಗೆ, ಪಾಪ."

ಕಿಟಕಿಯಮ್ಮ ಸೆಟ್ಟಿನ ಕಡೆ ತಿರುಗಿದಳು. ಪಾಪ! ಇಷ್ಟು ವರ್ಷದಲ್ಲಿ ಆ ಮನುಷ್ಯ ಸಮುದ್ರದಿಂದ ಅವಳಿಗೆ ಪಾಪ ಎಂದಿರಲಿಲ್ಲ. ಸಂಜೆ ಬರಬೇಕಾದದ್ದು ಆಗಲೇ ಅವನ ಮೇಲೆ ಬಂದಿದೆ ಎಂದು ಅವಳಿಗೆ ಗೊತ್ತಾಯಿತು. ಕೈತೊಳೆಯಲೂ ಮರೆತು ಎದ್ದು ನಿಂತಳು. ಗಂಡ, ಮಗ ಇಬ್ಬರೂ ಅದರ ಬಾಯಲ್ಲಿದ್ದಾರೆ.

ಸ್ವಲ್ಪ ಹೊತ್ತಿಗೆ ಮೊಬೈಲು ಹೊಡೆದುಕೊಂಡಿತು. ಮಗಳು. ಹಿಂದೆ ಜನರ ಗಲಾಟೆ, ಎಂಜಿನ್ನಿನ ಗುಡುಗುಡು.

"ಅಮ್ಮಾ, ಬೇಗ ಬರ್ತಿದ್ದೀನಿ. ಸಂಜೆ ಫೆರಿ ಈಗಲೇ ಬಿಟ್ಟುಬಿಟ್ರು. ಗಾಳಿ ಬರೋ ಮುಂಚೆ ದಾಟಿಬಿಡೋಣ ಅಂತ ಕ್ಯಾಪ್ಟನ್ ಹೇಳಿದ್ರು. ಹೊರಗೆ ಬರೀ ಇಪ್ಪತ್ತು ಅಂತೆ, ಅಪ್ಪನೇ ಹೇಳಿದ್ರಂತೆ. ಟೀ ಇಟ್ಟಿರು."

"ಬೇಡ! ಇಳಿ! ಇಳಿದುಬಿಡು!"

"ಏನಮ್ಮಾ? ಕೇಳಿಸ್ತಿಲ್ಲ. ಬಿಟ್ಟಾಯ್ತು, ಸರಿ, ಬಂದೆ."

ಕಟ್ ಆಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ದ್ವೀಪದ ಗುಡ್ಡದ ಮರೆಯಲ್ಲಿ ಯಾವಾಗಲೂ ಹಾಗೇ. ಸೊಸೆಯ ಮೇಜಿನ ಫೋನಿಗೆ ಮಾಡಿದಳು, ಎಂಗೇಜ್. ಇನ್ನೊಮ್ಮೆ ಮಾಡಿದಳು, ಎಂಗೇಜ್. ಫೆರಿಯವರು ಬಂದರಿನ ಜೊತೆ ಮಾತಾಡುವ ಚಾನೆಲ್ಲೇ ಬೇರೆ, ಅಲ್ಲಿ ಕೂತವನು ಸೊಸೆ ಬರೆದಿಟ್ಟ ಅಂಕಿಯನ್ನು ಹಾಗೇ ಓದಿ ಹೇಳಿರಬೇಕು. ಫೆರಿ ಹೊರಟಿರುವುದು ಹೊರಗಿರುವ ಗಂಡನಿಗೆ ಗೊತ್ತಾಗುವ ದಾರಿಯಿಲ್ಲ. ಸಂಜೆಯವರೆಗೂ ಅದು ದ್ವೀಪದ ಜೆಟ್ಟಿಯ ಕಟ್ಟೆಯಲ್ಲೇ ಇರುತ್ತದೆ ಎಂದುಕೊಂಡು ಅವನು ಅಡುಗೆಮನೆಗೆ ಸಮಾಧಾನ ಹೇಳಿದ್ದ. ಆ ಸಮಾಧಾನವನ್ನು ನಂಬಿ ಒಬ್ಬ ಎಚ್ಚರದ ಮನುಷ್ಯ ತುಂಬಿದ ಫೆರಿಯ ಹಗ್ಗ ಬಿಚ್ಚಿದ್ದ.

ಕಿಟಕಿಯಮ್ಮ ಕಿಟಕಿಯಲ್ಲಿ ನೋಡಿದಳು. ದ್ವೀಪದ ಆಚೆ, ಸಮುದ್ರದ ಮೇಲೆ, ಒಂದು ಕಪ್ಪು ಪಟ್ಟಿ ಅಡ್ಡಕ್ಕೆ ಮಲಗಿತ್ತು. ಅದರ ಮೇಲೆ ಮೋಡ, ಕೆಳಗೆ ಬಿಳಿ ನೊರೆ. ಅವಳಿಗೆ ಕೂಗಬೇಕೆನಿಸಿತು, ಯಾರನ್ನು ಕೂಗುವುದೆಂದು ತಿಳಿಯಲಿಲ್ಲ. ಒಲೆಯ ಕಟ್ಟೆ ಹಿಡಿದುಕೊಂಡು, ಶೆಲ್ಫಿಗೆ ಕೈ ಚಾಚಿ, ಮೈಕು ಎಳೆದುಕೊಂಡು, ಅನ್ನ ಮೆತ್ತಿದ ಬೆರಳಿನಲ್ಲೇ ಗುಂಡಿ ಒತ್ತಿದಳು.

"ರೀ."

ಅಷ್ಟೇ ಬಂತು.

"ರೀ, ನಾನು. ಗಾಳಿ ಎಷ್ಟು? ನಿಜ ಹೇಳಿ."

"ಲೇ!" ಗಂಡ ಬೆಚ್ಚಿಬಿದ್ದ. "ಸೆಟ್ ಇಡು ಕೆಳಗೆ. ಕೇಳಿಸ್ಕೊಂಡಿಲ್ವಾ, ತಂಗಾಳಿ."

"ತಂಗಾಳಿಯಾಗಿದ್ರೆ ನನಗೆ ಪಾಪ ಅಂತಿರಲಿಲ್ಲ ನೀವು. ತಂಗಾಳಿಯಾಗಿದ್ರೆ ಇಷ್ಟು ಹೊತ್ತಿಗೆ ಮಗನಿಗೆ ಬೈದಿರ್ತಿದ್ರಿ. ನನಗೆ ಗೊತ್ತು ರೀ. ಯಾವಾಗಲೂ ಗೊತ್ತಿತ್ತು. ಫೆರಿ ಹೊರಟಾಗಿದೆ. ನಿಮ್ಮ ಮಾತು ಕೇಳಿ ಹೊರಟಿದೆ. ಮಗಳು ಅದರಲ್ಲಿದ್ದಾಳೆ."

ಗರಗರ. ಯಾರೋ ಒಬ್ಬ ಬೋಟಿನವನು ದೇವರ ಹೆಸರು ಹೇಳಿದ್ದು ಕೇಳಿಸಿತು. ಆಮೇಲೆ ಗಂಡನ ದನಿ ಬಂತು. ಅವಳು ಜೀವಮಾನದಲ್ಲಿ ಒಮ್ಮೆ ಮಾತ್ರ ಕೇಳಿದ್ದ ದನಿ.

"ಐವತ್ತು! ವಾಯವ್ಯದಿಂದ, ಐವತ್ತಕ್ಕೂ ಮೇಲೆ! ಒಂದೇ ಏಟಿಗೆ ತಿರುಗಿದೆ. ಮುಂದಿನ ಗಾಜು ಹೋಯ್ತು. ಸೊಸೇ, ಅಮ್ಮಾ, ಫೆರಿ ತಿರುಗಿಸು! ಗುಡ್ಡದ ಮರೆ ಬಿಟ್ಟು ಹೊರಗೆ ಬಂದ್ರೆ ಮಗುಚಿಬಿಡುತ್ತೆ. ಈಗಲೇ ತಿರುಗಿಸು!"

"ಕರೀತಿದ್ದೀನಿ ಮಾವ," ಎಂದಳು ಸೊಸೆ. ಅವಳ ಕೆಲಸದ ದನಿ ಎಲ್ಲಿಗೋ ಹೋಗಿತ್ತು.

ಕಿಟಕಿಯಮ್ಮ ಗುಂಡಿಯಿಂದ ಬೆರಳು ತೆಗೆದು ಕಾದಳು. ಆಗ ಸೆಟ್ಟಿನಲ್ಲಿ ಬೇರೊಂದು ಹೆಂಗಸಿನ ದನಿ ಕೇಳಿಸಿತು. ತಗ್ಗಿದ, ಅಂಜಿದ ದನಿ.

"ರೀ, ನಾನು, ಐಸ್ ಕಾರ್ಖಾನೆ ಪಕ್ಕದ ಮನೆಯಿಂದ. ನೀವೂ ನಿಜ ಹೇಳಿ. ನೀವು ಮಾತಿನ ಮಧ್ಯೆ ಹಾಡು ಗುನುಗಿದ್ರೆ ಏನರ್ಥ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ?"

ಅವಳ ಹಿಂದೆಯೇ ಇನ್ನೊಬ್ಬಳು. "ನಮ್ಮನೆಯವರೇ, ನೀವೂ ಹೇಳಿ. ನಿಮ್ಮ ಕೆಮ್ಮು ನನಗೆ ಗೊತ್ತು." ಮತ್ತೊಬ್ಬಳು, ವಯಸ್ಸಾದವಳು, "ಮಗನೇ, ನಾನು ಗಟ್ಟಿಮುಟ್ಟಾಗಿದ್ದೀನಿ, ಸುಳ್ಳು ಹೇಳಬೇಡ." ಬೀದಿ ಬೀದಿಯ ಅಡುಗೆಮನೆಗಳು ಬಾಯಿಬಿಟ್ಟವು. ಒಬ್ಬೊಬ್ಬಳೂ ತನಗೊಬ್ಬಳಿಗೇ ಗೊತ್ತು ಎಂದುಕೊಂಡು ವರ್ಷಗಟ್ಟಲೆ ಒಲೆಯ ಮುಂದೆ ಒಂಟಿಯಾಗಿ ನಡುಗಿದವಳೇ.

ಬೋಟಿನವರು ಮೊದಲು ಗೊಣಗಿದರು. ಒಬ್ಬ ಚಾನೆಲ್ ಬಿಡಿ ಎಂದು ರೇಗಿದ. ಆಮೇಲೆ ಒಬ್ಬೊಬ್ಬರಾಗಿ ಇದ್ದ ಗಾಳಿ ಹೇಳಿದರು. ಗಂಡನ ಹತ್ತಿರದ ಬೋಟು, ನಲವತ್ತೈದು. ಅದಕ್ಕಿಂತ ಈಚೆಯದು, ಮೊದಲು ಹತ್ತು, ಸ್ವಲ್ಪ ಹೊತ್ತಿಗೇ ಕೂಗು, "ಬಂತು, ಬಂತು, ನಲವತ್ತಾಯ್ತು!" ಗಾಳಿ ಬೋಟಿನಿಂದ ಬೋಟಿಗೆ ದಾಟಿ ಮನೆಗಳ ಕಡೆ ಬರುವುದು ಎಲ್ಲರ ಕಿವಿಗೆ ಬಿತ್ತು. ದಡಕ್ಕೆ ಹತ್ತಿರವಿದ್ದ ಸಣ್ಣ ಬೋಟಿನವರು ಅದನ್ನು ಕೇಳಿ, ಬಲೆ ಕತ್ತರಿಸಿ ಬಿಟ್ಟು, ಎಂಜಿನ್ ಕೂಗಿಸಿಕೊಂಡು ಬಂದರಿನೊಳಗೆ ನುಗ್ಗಿದರು.

"ಅತ್ತೆ," ಸೊಸೆ ಕರೆದಳು. "ಫೆರಿ ತಿರುಗಿತು. ಗುಡ್ಡದ ಮೂಲೆ ಹತ್ತಿರ ತಿರುಗಿಸಿದ್ರು. ಒಂದು ಬದಿಯ ಕಂಬಿ ಹೋಗಿದೆಯಂತೆ, ಜನಕ್ಕೆ ಏನೂ ಆಗಿಲ್ಲ. ದ್ವೀಪದ ಜೆಟ್ಟಿಗೆ ವಾಪಸ್ ಹೋಗ್ತಿದ್ದಾರೆ. ಕೇಳಿಸ್ತಾ?"

"ಕೇಳಿಸ್ತು." ಅವಳಿಗೆ ಅಳು ಬಂತು. "ನಿಮ್ಮ ಮಾವ? ನಿನ್ನ ಗಂಡ?"

ಸೊಸೆ ಉತ್ತರ ಕೊಡುವ ಮುಂಚೆ ಗಂಡನ ದನಿಯೇ ಬಂತು. "ಲೇ, ಎಷ್ಟು ವರ್ಷದಿಂದ ಗೊತ್ತಿತ್ತೇ?"

"ಮಗ ಅಂಬೆಗಾಲಿಡ್ತಿದ್ದಾಗಿನಿಂದ."

"ಅಯ್ಯೋ ನಿನ್ನ..." ಎಂದು ಅವನು ಏನೋ ಹೇಳುತ್ತಿದ್ದಂತೆ ಟಕ್ಕೆಂದು ಸದ್ದಾಗಿ ದನಿ ಸತ್ತುಹೋಯಿತು. ಸೊಸೆ ಕರೆದಳು. ಮತ್ತೆ ಮತ್ತೆ ಕರೆದಳು. ಬೇರೆ ಬೋಟಿನವರೂ ಕರೆದರು. ಗರಗರ ಬಿಟ್ಟರೆ ಏನೂ ಇಲ್ಲ.

ಅಷ್ಟರಲ್ಲಿ ಗಾಳಿ ಮನೆಗೇ ಬಂತು. ಬಟ್ಟೆಗಳು ಹಗ್ಗದ ಸಮೇತ ಎದ್ದು ಬೇಲಿಯಾಚೆ ಹೋದವು. ಕಿಟಕಿಯ ಒಂದು ಬಾಗಿಲು ಕಿತ್ತುಬಂದು ಒಳಗೆ ಬಿದ್ದು, ಗಾಜು ಅಡುಗೆಮನೆ ತುಂಬ ಚೆಲ್ಲಿತು. ಛಾವಣಿಯ ಶೀಟು ಕಿರುಚಿಕೊಂಡಿತು. ಅವಳು ಸೆಟ್ಟನ್ನು ಎದೆಗೆ ಅವಚಿಕೊಂಡು ಒಲೆಯ ಕಟ್ಟೆಯ ಕೆಳಗೆ ಕೂತಳು. ಹೊರಗಿನ ಐವತ್ತು ಎಂದರೆ ಏನೆಂದು ಈಗ ಮೈಗೆ ಗೊತ್ತಾಗುತ್ತಿತ್ತು. ಗಟ್ಟಿ ನೆಲದ ಮೇಲೆ ನಿಂತ ಮನೆಯೇ ಹೀಗಾದರೆ ಬೋಟು ಏನಾಗಬೇಕು? ತಾನು ಆ ದಿನ ಈರುಳ್ಳಿ ಸುಲಿಯುತ್ತಾ ಕೂರದೆ ಬಾಯಿ ಬಿಟ್ಟಿದ್ದರೆ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೆ ಹೆದರಿಕೆ ಕಡಿಮೆಯಾಗುವುದೇನೂ ಇಲ್ಲ. ಹಲ್ಲು ಹಲ್ಲಿಗೆ ಬಡಿಯುತ್ತಾ ಕೂತೇ ಇದ್ದಳು.

ಆಗಾಗ ಸೊಸೆ ಕೇಳುತ್ತಿದ್ದಳು, "ಅತ್ತೆ, ಇದ್ದೀರಾ?"

"ಇದ್ದೀನಿ. ನೀನು?"

"ಇದ್ದೀನಿ."

ಬೆಳಕು ಇಳಿಯುವ ಹೊತ್ತಿಗೆ ಮೊಬೈಲು ಹೊಡೆದುಕೊಂಡಿತು. ಗಾಜಿನ ಚೂರುಗಳ ನಡುವೆ ತಡಕಾಡಿ ಎತ್ತಿಕೊಂಡಳು. ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಅಮ್ಮಾ, ಬಂದ್ರು! ಇಲ್ಲಿಗೇ ಬಂದ್ರು, ದ್ವೀಪದ ಮರೆಗೆ. ಬೋಟಿನ ಮೇಲ್ಭಾಗ ಪೂರ್ತಿ ಹೋಗಿದೆ. ಅಣ್ಣನ ಹಣೆಗೆ ಪೆಟ್ಟಾಗಿದೆ, ನಾನೇ ಹೊಲಿಗೆ ಹಾಕಿದೆ. ಅತ್ತಿಗೆಗೂ ಹೇಳಿದೆ. ಅಪ್ಪ ಇಲ್ಲೇ ಇದ್ದಾರೆ, ಕೊಡ್ತೀನಿ."

ಕಿಟಕಿಯಮ್ಮನಿಗೆ ಉಸಿರು ಬಂತು. ಆ ಕಡೆ ಫೋನು ಕೈ ಬದಲಾದ ಸದ್ದಾಯಿತು.

"ರೀ, ಹೇಗಿದ್ದೀರಿ?"

"ಏನಿಲ್ಲ ಕಣೇ," ಅವನು ಶುರು ಮಾಡಿದ. "ಚೆನ್ನಾಗೇ ಇದ್ದೀನಿ. ನಿನ್ನದು ಊಟ..."

ಅಲ್ಲಿಗೆ ನಿಂತುಬಿಟ್ಟ. ಅವನು ಉಸಿರಾಡುವುದು ಕೇಳುತ್ತಿತ್ತು, ಬಿಕ್ಕಿ ಬಿಕ್ಕಿ.

"ಸ್ಟೀರಿಂಗ್‌ನಿಂದ ನನ್ನ ಕೈ ಬಿಡಿಸೋಕೆ ಮಗನೇ ಬರಬೇಕಾಯ್ತು," ಎಂದ ಕೊನೆಗೆ. "ಬೆರಳು ಬಿಚ್ತಿರಲಿಲ್ಲ. ಈಗಲೂ ನಡುಗ್ತಿದೆ. ಹೆದರಿಬಿಟ್ಟೆ ಕಣೇ. ಇವತ್ತೊಂದು ದಿನ ಅಲ್ಲ. ಪ್ರತಿ ಸಲ, ಪ್ರತಿ ಗಾಳಿಗೂ ಹೆದರ್ತಿದ್ದೆ. ಅರ್ಧ ಹೇಳಿದ್ರೆ ಅದು ಅರ್ಧವೇ ಅಂತ ನನಗೂ ಅನ್ಸೋದು. ನಿನಗೋಸ್ಕರ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ. ಇನ್ನು ನನ್ನಿಂದ ಆಗಲ್ಲ. ಯಾರಿಗೆ ಹೇಳಲಿ ಇದನ್ನ?"

ಕಿತ್ತುಹೋದ ಕಿಟಕಿಯಿಂದ ಗಾಳಿ ಇನ್ನೂ ನುಗ್ಗುತ್ತಿತ್ತು. ಅವಳ ಹಲ್ಲು ಇನ್ನೂ ಬಡಿಯುತ್ತಲೇ ಇತ್ತು. ಸೆರಗನ್ನು ತಲೆಗೆ ಸುತ್ತಿಕೊಂಡು, ಫೋನನ್ನು ಕಿವಿಗೆ ಒತ್ತಿಕೊಂಡು, ಗೋಡೆಗೆ ಆತು ಕೂತಳು.

"ನನಗೆ ಹೇಳಿ," ಎಂದಳು. "ಮೊದಲ ಸಲದಿಂದ ಹೇಳಿ. ನನಗೂ ಹೆದರಿಕೆಯೇ, ಕೇಳ್ತಾ ಇರ್ತೀನಿ."

ಅವನು ಮೂಗು ಒರೆಸಿಕೊಂಡು, ಹೇಳತೊಡಗಿದ.